ಓಟಕ್ಕೊಂದು ಜೊತೆ

ಬಡಾವಣೆಯಂಚಿನ ಹಳ್ಳದ ಪಕ್ಕ ಓಡಾಡಲೆಂದು ಮಾಡಿದ ಕಾಂಕ್ರೀಟ್ ದಾರಿಯಲ್ಲಿ ನಿನ್ನೆಯಷ್ಟೇ ಒಬ್ಬಾಕೆಯ ಸರ ಕಿತ್ತುಕೊಂಡು ಹೋಗಿದ್ದರು. ತಾಳಿ ಬಿಚ್ಚಿಟ್ಟು ಓಡಲು ಹೋಗುತ್ತೇನೆಂದು ಸೊಸೆ ಹೇಳಿದರೆ ಅತ್ತೆ ಒಪ್ಪಬೇಕಲ್ಲ!

"ಬಿಡ್ತು ಅನ್ನು! ಕಣ್ಣೊಂದು ಬಿಟ್ಟು ಕತ್ತು, ಮುಖ ಎಲ್ಲಾ ಮುಚ್ಚೋ ಹಾಗೆ ವೇಲ್ ಸುತ್ಕೊ. ಕೈಲಿ ಈ ದೊಣ್ಣೆನೂ ಇರ್ಲಿ."

ಬೆಳಗಿನ ಮಂಜಿನಲ್ಲಿ ದಾರಿಯುದ್ದಕ್ಕೂ ನರಪಿಳ್ಳೆಯೂ ಇರಲಿಲ್ಲ. ಬಿದಿರು ಮೆಳೆಯೊಳಗೆ ಏನೋ ಸರಸರ ಎಂದಾಗ ಅವಳು ದೊಣ್ಣೆ ಎತ್ತಿ ಹಿಡಿದಳು. ಅಷ್ಟರಲ್ಲಿ ಮುಂದೆ ಹಿರಿಯರೊಬ್ಬರು ಓಡುತ್ತಿರುವುದು ಕಂಡು ಹೋದ ಜೀವ ಬಂದಂತಾಯಿತು. ಅವರನ್ನು ಸೇರಿಕೊಳ್ಳಲು ಅವಳು ಜೋರಾಗಿ ಓಡಿದಳು.

ಅವರು ಹಿಂತಿರುಗಿ ನೋಡಿದರು. ನೋಡಿದವರೇ ಎದ್ದುಬಿದ್ದು ಓಡತೊಡಗಿದರು.

ಅಂದರೆ ತನ್ನ ಬೆನ್ನ ಹಿಂದೆಯೇ ಯಾರೋ ಇದ್ದಾರೆ! ತಿರುಗಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

"ಸಾರ್, ನಿಂತ್ಕೊಳ್ಳಿ! ನಿಮ್ಮ ದಮ್ಮಯ್ಯ, ನಿಂತ್ಕೊಳ್ಳಿ!"

ಕಾಲುಸೇತುವೆಯ ಹತ್ತಿರ ಅವರು ಏದುಸಿರು ಬಿಡುತ್ತ ಕುಸಿದು ಕುಳಿತರು. ಅವಳು ದೊಣ್ಣೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಅವರ ಮುಂದೆ ಬಂದು ನಿಂತಳು.

"ಯಾರನ್ನ ನೋಡಿ ಓಡಿದ್ರಿ ಸಾರ್?"

"ಹೊಡೀಬೇಡ ತಾಯಿ," ಎನ್ನುತ್ತ ಅವರು ತಮ್ಮ ಕತ್ತಿನ ಸರ ಬಿಚ್ಚಿ ಅವಳತ್ತ ಚಾಚಿದರು.