ಶನಿವಾರದ ಹರಳೆಣ್ಣೆ

ಈಜುಕೊಳದ ತಳದಲ್ಲಿ ಮೊಣಕಾಲೂರಿ ಕೂತಿದ್ದ ನರಸಿಂಹನ ಮಾಸ್ಕಿನೊಳಗೆ ಮತ್ತೆ ನೀರು ನುಗ್ಗಿತು. ಈಗಷ್ಟೇ ಮೂಗಿನಿಂದ ಜೋರಾಗಿ ಉಸಿರು ಬಿಟ್ಟು ಹೊರಗಟ್ಟಿದ್ದ ನೀರು ಕರೆಯದ ನೆಂಟನ ಹಾಗೆ ವಾಪಸು ಬಂದು ಕೂತಿತ್ತು. ಎದುರಿಗೆ ಸ್ಕೂಬಾ ಕಲಿಸುವ ಕೋಚ್ ಲಿಮ್, ಪಕ್ಕದಲ್ಲಿ ಮಗಳು ಆಶ್ರಿತಾ, ಇಬ್ಬರೂ ಅವನನ್ನೇ ನೋಡುತ್ತಿದ್ದರು. ಮಾಸ್ಕಿಗೆ ನುಗ್ಗಿದ ನೀರನ್ನು ತಳದಲ್ಲೇ ಕೂತು ಊದಿ ಹೊರಹಾಕುವ ಇದೇ ಪರೀಕ್ಷೆಯಲ್ಲಿ ಹೋದ ವಾರ ಮಗಳು ಪಾಸಾಗಿದ್ದಳು. ಅಪ್ಪ ಗಾಬರಿಬಿದ್ದು ಮೇಲಕ್ಕೆ ಚಿಮ್ಮಿದ್ದ. ಇವತ್ತೂ ಹಾಗೇ ಮಾಡಿದರೆ ಕಥೆ ಮುಗಿದ ಹಾಗೆ.

ಜೂನ್ ರಜೆಗೆ ಫಿಲಿಪ್ಪೀನ್ಸಿಗೆ ಟಿಕೆಟ್ ಬುಕ್ ಆಗಿತ್ತು. ಅಲ್ಲೊಂದು ಕೆರೆ, ಅದರ ತಳದಲ್ಲಿ ಬಿಸಿನೀರಿನ ಬುಗ್ಗೆ. ಸಿಲಿಂಡರ್ ಕಟ್ಟಿಕೊಂಡು ಕೆಳಗಿಳಿದಷ್ಟೂ ನೀರು ಹಂಡೆಯಲ್ಲಿ ಕಾಯಿಸಿದ ಹಾಗೆ ಬೆಚ್ಚಗಾಗುತ್ತದಂತೆ. ವಿಡಿಯೋ ನೋಡಿದ ಆಶ್ರಿತಾ "ಅಪ್ಪಾ, ನಾವಿಬ್ರೂ ಹೋಗೋಣ" ಎಂದಿದ್ದಳು. ಹನ್ನೊಂದು ವರ್ಷದವಳು ಅಪ್ಪನ ಜೊತೆಗೋ ಅಮ್ಮನ ಜೊತೆಗೋ ಮಾತ್ರ ಮುಳುಗಬೇಕು ಎಂದು ಲಿಮ್‌ನ ಕಟ್ಟುನಿಟ್ಟು. ಹೆಂಡತಿ ನಿರುಪಮಾಗೆ ಕಿವಿಯ ಆಪರೇಷನ್ ಆಗಿದೆ. ಉಳಿದವನು ನಡುವಯಸ್ಸಿನಲ್ಲಿ ಅರೆಬರೆ ಈಜು ಕಲಿತ ಈ ಮಹಾಶಯ. ಏನು ಕೇಳಿದರೂ ಇಲ್ಲಿನವರ ಧಾಟಿಯಲ್ಲಿ "ಓಕೆ ಲಾ" ಎಂದು ರೂಮಿನ ಬಾಗಿಲು ಹಾಕಿಕೊಳ್ಳುವ ಮಗಳು ತಾನಾಗಿ ಬಂದು ಕೇಳಿದ ಆಸೆ ಇದೊಂದೇ. ಅದು ತನ್ನಿಂದಲೇ ಕೆಡುತ್ತದಲ್ಲಾ ಎಂದು ಅವನಿಗೆ ರಾತ್ರಿ ಸರಿಯಾಗಿ ನಿದ್ದೆಯಿರಲಿಲ್ಲ.

ಮಾಸ್ಕಿನ ಮೇಲಂಚು ಒತ್ತಿ, ಮುಖವೆತ್ತಿ ಮತ್ತೆ ಊದಿದ. ನೀರು ಹೋಯಿತು. ಬಂತು. ಮತ್ತೆ ಊದಿದ, ಮತ್ತೆ ಬಂತು. ಈ ಲಿಮ್ ಇನ್ನೆಷ್ಟು ಸಲ ಮಾಡಿಸ್ತಾನಪ್ಪಾ ಎಂದು ಮನಸ್ಸಿನಲ್ಲೇ ಬೈದುಕೊಂಡ. ಊದಿ ಊದಿ ಕೊನೆಗೆ ಎಂಥಾ ಸಿಟ್ಟು ಬಂತೆಂದರೆ, ಹೆದರಿಕೆ ಯಾವಾಗ ಹೋಯಿತೋ ಅವನಿಗೇ ತಿಳಿಯಲಿಲ್ಲ. ಬಾ, ಎಷ್ಟು ಸಲ ಬರ್ತೀಯೋ ನಾನೂ ನೋಡ್ತೀನಿ ಎಂದು ನೀರಿಗೇ ಸವಾಲು ಹಾಕಿ ಕೂತ.

ಆಮೇಲೆ ಲಿಮ್ ಮೇಲಕ್ಕೆ ಹೋಗೋಣ ಎಂದು ಸನ್ನೆ ಮಾಡಿದ. ತಲೆ ನೀರಿನಿಂದ ಹೊರಬಂದದ್ದೇ ತಡ, ಇಂಗ್ಲಿಷಿನಲ್ಲಿ ಶುರುಮಾಡಿದ: "ಸರ್, ಮುಖಕ್ಕೆ ಏನು ಹಚ್ಚಿಕೊಂಡಿದ್ದೀರಿ? ಮಾಸ್ಕ್ ನಿಲ್ಲುತ್ತಲೇ ಇಲ್ಲ ಲಾ!"

ನರಸಿಂಹ ಹಣೆ ಮುಟ್ಟಿ ನೋಡಿಕೊಂಡ. ಜಿಡ್ಡೋ ಜಿಡ್ಡು. ಅಯ್ಯೋ ದೇವರೇ, ಶನಿವಾರ! ಶನಿವಾರ ನೆತ್ತಿಗೆ ಹರಳೆಣ್ಣೆ ಒತ್ತಿಕೊಂಡು ಎಣ್ಣೆಸ್ನಾನ ಮಾಡುವ ಮೈಸೂರಿನ ಪದ್ಧತಿಯನ್ನು ಅವನು ಈ ಪರದೇಶದ ಬುಕಿತ್ ಬಾಟೋಕಿಗೆ ಬಂದು ನೆಲೆಸಿದ ಮೇಲೂ ಬಿಟ್ಟವನಲ್ಲ. ಇವತ್ತು ಕ್ಲಾಸಿಗೆ ತಡವಾಯಿತೆಂದು ಸೀಗೆಪುಡಿ ಉಜ್ಜದೆ, ಬರೀ ನೀರು ಸುರಿದುಕೊಂಡು ಓಡಿ ಬಂದಿದ್ದ. ಹೇಗೂ ಕೊಳಕ್ಕೆ ಇಳಿಯುವುದು ತಾನೇ ಎಂಬ ಬುದ್ಧಿವಂತಿಕೆ ಬೇರೆ.

"ಎಣ್ಣೆ. ತಲೆಗೆ," ಎಂದ ಸಣ್ಣ ದನಿಯಲ್ಲಿ. "ಹಾಗಾದರೆ ನಾನು ಫೇಲಾ?"

"ಫೇಲಾ? ನಾನು ಕೇಳಿದ್ದು ಒಂದೇ ಒಂದು ಸಲ. ನೀವು ಸುಮ್ಮನೆ ಕೂತು ಊದುತ್ತಲೇ ಇದ್ದಿರಿ! ಪಾಸ್. ಈಗ ಮೊದಲು ಹೋಗಿ ಸೋಪು ಹಾಕಿ ಮುಖ ತೊಳೆಯಿರಿ. ನನ್ನ ಕೊಳದಲ್ಲಿ ಪರೋಟಾ ಸುಡಬೇಡಿ."

ನರಸಿಂಹನ ಎದೆಯ ಭಾರವೆಲ್ಲ ಇಳಿದುಹೋಯಿತು. ಕುಣಿಯಬೇಕು ಅನಿಸಿತು, ಕಾಲಿಗೆ ಕಟ್ಟಿದ ರಬ್ಬರಿನ ಈಜುರೆಕ್ಕೆಗಳು ಬಿಡಲಿಲ್ಲ. ನಗುತ್ತ ಮಗಳ ಕಡೆ ತಿರುಗಿದರೆ ಅವಳ ಮುಖ ಸಪ್ಪಗಾಗಿತ್ತು.

"ಏನಾಯ್ತು ಪುಟ್ಟಿ? ಪಾಸ್ ಆದ್ನಲ್ಲೇ!"

"ಅದಕ್ಕೇ ಅಪ್ಪಾ," ಎಂದಳು, ಅಳು ತಡೆದುಕೊಂಡು. "ನಂಗೆ ಆ ಡೀಪ್ ಕೆರೆ ನೆನೆಸ್ಕೊಂಡ್ರೆ ತುಂಬಾ ಭಯ. ಫ್ರೆಂಡ್ಸ್‌ಗೆಲ್ಲ ಹೋಗ್ತೀನಿ ಅಂತ ಹೇಳ್ಬಿಟ್ಟಿದ್ದೆ. ನೀನು ಹೆಂಗೂ ಫೇಲ್ ಆಗ್ತೀಯ, ಅಪ್ಪನಿಂದ ಕ್ಯಾನ್ಸಲ್ ಆಯ್ತು ಅಂತ ಹೇಳ್ಬೋದು ಅನ್ಕೊಂಡಿದ್ದೆ. ಸಾರಿ."

ನರಸಿಂಹನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. "ನಂಗೂ ಭಯಾನೇ ಕಣೇ! ಹೇಳಿದ್ರೆ ನಿಂಗೆ ಬೇಜಾರಾಗತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ." ಇಬ್ಬರೂ ಕೊಳದ ಅಂಚು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗು ಇಳಿದ ಮೇಲೆ ಅವನೇ ಹೇಳಿದ: "ಕ್ಯಾನ್ಸಲ್ ಮಾಡೋಣ ಬಿಡು. ಅಪ್ಪನೇ ಹೆದರ್ಕೊಂಡ ಅಂತ ಹೇಳು, ಪರ್ವಾಗಿಲ್ಲ."

ಆಶ್ರಿತಾ ಮೂಗು ಒರೆಸಿಕೊಂಡು ಅವನ ಮುಖವನ್ನೇ ನೋಡಿದಳು.

"ಬೇಡ, ಹೋಗೋಣ," ಎಂದಳು. "ನನಗಿಂತ ಜಾಸ್ತಿ ಹೆದರೋರು ಕೈ ಹಿಡ್ಕೊಂಡಿದ್ರೆ ನಂಗೆ ಅಷ್ಟು ಭಯ ಆಗಲ್ಲ."