ದುಭಾಷಿ ತೋರಿದ ದಾರಿ

ಚಿನ್ನ ಹುಡುಕಿಕೊಂಡು ಸಮುದ್ರ ದಾಟಿ ಬಂದಿದ್ದ ಸ್ಪೇನಿನ ಕಪ್ತಾನ, ಆ ಹೊಸ ನಾಡಿನ ಹಳ್ಳಿಯೊಂದಕ್ಕೆ ನುಗ್ಗಿ ಮುದುಕಿಯೊಬ್ಬಳ ಕುತ್ತಿಗೆಗೆ ಕತ್ತಿ ಹಿಡಿದ.

"ಚಿನ್ನ ಎಲ್ಲಿದೆ ಅಂತ ಕೇಳೋ!" ಎಂದು ದುಭಾಷಿಯ ಮೇಲೆ ಗುಡುಗಿದ. ದುಭಾಷಿ ಆ ನೆಲದವನೇ. ಎಳೆಯನಿದ್ದಾಗ ಇದೇ ಕಪ್ತಾನ ಅವನನ್ನು ಹಡಗಿಗೆ ಎಳೆದೊಯ್ದಿದ್ದ.

ದುಭಾಷಿ ಕೇಳಿದ. ಮುದುಕಿ ಅವನ ಮುಖವನ್ನೇ ದಿಟ್ಟಿಸಿ, ನಡುಗುವ ದನಿಯಲ್ಲಿ ಏನೋ ಅಂದಳು. ಅವನು ಅವಳ ಕುತ್ತಿಗೆಯ ಮೇಲಿದ್ದ ಕತ್ತಿಯತ್ತ ನೋಡಿದ.

"ಏನು ಬೊಗಳ್ತಾಳೆ?"

"ಜೌಗಿನಾಚೆ ಚಿನ್ನದ ಊರಿದೆಯಂತೆ, ದೊರೆ. ದಾರಿ ನಾನು ತೋರಿಸ್ತೀನಿ."

"ಸುಳ್ಳಾದರೆ ನಿನ್ನ ತಲೆ ಉರುಳುತ್ತೆ."

"ಉರುಳಲಿ, ದೊರೆ."

ಕಪ್ತಾನ ಕತ್ತಿ ಇಳಿಸಿದ. ಹೋದವರು ಯಾರೂ ಮರಳಿ ಬಾರದ ಆ ಕೆಸರಿನ ಕಡೆಗೆ, ಹಿಂದಿರುಗಿಯೂ ನೋಡದೆ, ದುಭಾಷಿ ದಂಡಿನ ಮುಂದೆ ನಡೆದ.

ಮುದುಕಿ ಅಂದದ್ದು ಇಷ್ಟೇ: "ಮಗಾ, ನಿನ್ನ ಅವ್ವನ ಗುರುತು ಸಿಗಲಿಲ್ವಾ?"