ಹಿಂದಿನ ಸೀಟು

ಸೇಲ್ಸ್‌ಮನ್ ಶ್ರೀನಾಥ ಬಾನೆಟ್ ಎತ್ತಿ ಇಂಜಿನ್ ತೋರಿಸುತ್ತಿದ್ದರೆ, ಚನ್ನಬಸವ ಕೆಂಪು ಕಾರಿನ ಹಿಂದಿನ ಬಾಗಿಲು ತೆಗೆದು ಸೊಂಟ ಬಗ್ಗಿಸಿ ಒಳಗೆ ತಲೆ ಹಾಕಿದ್ದ. ಹೊಸ ಕಾರು ಕೊಳ್ಳಲೆಂದು ಹಗರಿಬೊಮ್ಮನಹಳ್ಳಿಯ ಶೋರೂಮಿಗೆ ಬಂದ ಮನುಷ್ಯ ಸ್ಟೇರಿಂಗ್ ಮುಟ್ಟಲಿಲ್ಲ, ಮೈಲೇಜ್ ಕೇಳಲಿಲ್ಲ. ಎಂಥಾ ಗಿರಾಕಿಯಪ್ಪಾ ಇವನು ಎಂದು ಶ್ರೀನಾಥನಿಗೆ ಒಳಗೊಳಗೇ ಕಿರಿಕಿರಿ.

"ಅಣ್ಣಾರ, ಮುಂದ ಬರ್ರಿ. ಇದಕ್ಕ ದೊಡ್ಡ ಸ್ಕ್ರೀನ್ ಐತಿ, ಹಾಡು ಕೇಳಬೋದು. ಆ ಬಿಳೇದಕ್ಕ ಇಲ್ಲ ನೋಡ್ರಿ."

"ಹಾಡು ಇರ್ಲಿ ಬಿಡ್ರಿ. ಹಿಂದಿನ ಸೀಟು ಇಷ್ಟೇ ಏನು?"

"ಮೂರು ಮಂದಿ ಆರಾಮ ಕುಂದ್ರಬೋದ್ರಿ. ಮನ್ಯಾಗ ಎಷ್ಟು ಮಂದಿ ಅದೀರಿ?"

"ಸದ್ಯಕ್ಕ ನಮ್ಮವ್ವ ಹಿಡದು ಮೂವರು," ಎಂದು ಚನ್ನಬಸವ ಆ ಕಡೆ ಸೋಫಾದಲ್ಲಿ ಕೂತಿದ್ದ ಹೆಂಡತಿಯನ್ನು ಕಳ್ಳನ ಹಾಗೆ ನೋಡಿದ. ರೋಜಾಳಿಗೆ ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಅವರು ಕೊಟ್ಟ ನೀರಿನ ಬಾಟಲಿ ಹಿಡಿದು, ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಿದ್ದಳು.

ಕಾರು ಯಾಕೆ ಬೇಕು ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಆಡಿದರೆ ಎಲ್ಲಿ ಅದೇ ಆಗಿಬಿಡುತ್ತದೋ ಎಂಬ ದಿಗಿಲು. ಕೇಳಿದವರಿಗೆಲ್ಲ "ಮದುವಿ, ದೇವರು ಅಂತ ಓಡಾಡಾಕ" ಎಂದು ಹೇಳಿ ಬಾಯಿ ಮುಚ್ಚಿಸಿದ್ದರು. ಹೋದ ಸಲದ ಹೆರಿಗೆಗೆ ಕಾನಹೊಸಹಳ್ಳಿ ಹತ್ತಿರದ ತಮ್ಮ ಹಟ್ಟಿಯಿಂದ ಕೂಡ್ಲಿಗಿ ಆಸ್ಪತ್ರೆಗೆ ಅವಳನ್ನು ಆಟೋದಲ್ಲಿ ಸಾಗಿಸಿದ್ದರು. ಕೂರಲೂ ಆಗದೆ, ಮಲಗಲೂ ಆಗದೆ ದಾರಿಯುದ್ದಕ್ಕೂ ಒದ್ದಾಡಿದಳು. ಕೂಸು ಉಳಿಯಲಿಲ್ಲ. ಈ ಸಲ ಅವಳು ಮಲಗಿಕೊಂಡು ಹೋಗುವಂಥ ಗಾಡಿ ಮನೆ ಮುಂದೆ ನಿಂತಿರಬೇಕು ಎಂಬುದೊಂದೇ ಚನ್ನಬಸವನ ಲೆಕ್ಕ.

ರೋಜಾ ಇತ್ತ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವನು ಜೇಬಿನಿಂದ ಸುತಳಿ ತೆಗೆದ. ಮೆಕ್ಕೆಜೋಳದ ಚೀಲ ಹೊಲಿಯುವ ಸುತಳಿ. ಅದರಲ್ಲೊಂದು ಗಂಟು. ಮಲಗಿದವರ ಅಳತೆ ತೆಗೆಯುವುದು ಅವರ ಕಡೆ ಹೆಣಕ್ಕೆ ಕುಣಿ ತೋಡುವವರು ಮಾತ್ರ. ಅದಕ್ಕೇ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಾಗ ತಲೆ ಎಲ್ಲಿಗೆ ಬರುತ್ತದೆಂದು ಕಣ್ಣಲ್ಲೇ ಗುರುತಿಟ್ಟು, ಅವಳು ಆಚೆ ಹೋದ ಮೇಲೆ ಬಾಗಿಲನ್ನು ಅಲ್ಲಿಯವರೆಗೆ ಅಳೆದು ಗಂಟು ಹಾಕಿಕೊಂಡಿದ್ದ. ಈಗ ಸುತಳಿಯ ಒಂದು ತುದಿಯನ್ನು ಕೆಂಪು ಕಾರಿನ ಆಚೆ ಬಾಗಿಲಿಗೆ ಒತ್ತಿ ಎಳೆದ. ಗಂಟು ಎಲ್ಲೋ ಹೊರಗೆ ಬಂದು ನಿಂತಿತು. ಬಿಳಿ ಕಾರಿಗೆ ಓಡಿದ. ಅಲ್ಲಿಯೂ ಹೊರಗೇ, ಆದರೆ ಇದಕ್ಕಿಂತ ಒಂದು ಗೇಣು ಕಡಿಮೆ. ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಅಣ್ಣಾರ, ನಮ್ಮಲ್ಲಿ ಟೇಪ್ ಐತ್ರಿ, ಕೊಡ್ಲೇನು?" ಎಂದ ಶ್ರೀನಾಥ, ನಗು ತಡೆದುಕೊಂಡು.

"ಆ ಗಂಟು ನಂದೇನು?"

ರೋಜಾ ಬೆನ್ನ ಹಿಂದೆಯೇ ನಿಂತಿದ್ದಳು. ಚನ್ನಬಸವ ಸುತಳಿಯನ್ನು ಮುಷ್ಟಿಯೊಳಗೆ ಅಡಗಿಸಿ, "ನಿಂತಾಗ ತಗಂಡಿದ್ದು ಕಣ, ಮಲಗಿದಾಗಲ್ಲ. ದೇವರಾಣೆಗೂ ಬಾಗಿಲನ್ನ ಅಳದಿದ್ದು," ಎಂದು ತೊದಲಿದ.

"ಸರೀರಿ ಅತ್ತಾಗ. ನಾನೇ ಬಂದಿಲ್ಲೇನು?"

ಅವಳು ಚಪ್ಪಲಿ ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಬಿಳಿ ಕಾರಿನ ಹಿಂದಿನ ಸೀಟಿಗೆ ಹತ್ತಿ ಎಡಮಗ್ಗುಲಾಗಿ ಮಲಗಿಯೇಬಿಟ್ಟಳು. ಸೀಟಿಗೆ ಹೊದಿಸಿದ್ದ ಪ್ಲಾಸ್ಟಿಕ್ ಪರಪರ ಎಂದಿತು. "ಅಕ್ಕಾರ..." ಎಂದು ಬಾಯಿ ತೆರೆದ ಶ್ರೀನಾಥ ಎರಡು ಹೆಜ್ಜೆ ಹಿಂದೆ ಸರಿದ.

"ಬಾಗಿಲು ಹಾಕ್ರಿ," ಎಂದಳು.

ಚನ್ನಬಸವ ಉಸಿರು ಬಿಗಿಹಿಡಿದು ಮೆಲ್ಲಗೆ ಒತ್ತಿದ. ಮೊಣಕಾಲು ಮಡಚಿದ್ದಳು, ಬಾಗಿಲು ಅಂಗಾಲಿಗೆ ತಾಗಲಿಲ್ಲ. ಅಬ್ಬಾ, ಸಾಕಾಗುತ್ತದೆ! ಕಿಟಕಿಗೆ ಬಗ್ಗಿ, "ಆರಾಮ ಐತೇನು? ಹ್ಞೂಂ ಅನ್ನು, ಇದನ್ನೇ ಹೇಳಿಬಿಡೋಣು," ಎಂದ.

ರೋಜಾ ಕಣ್ಣು ತೆರೆದಳು. "ಗಾಡಿ ಯಾರು ಹೊಡಿತಾರ?"

"ನಾನೇ! ಅದಕ್ಕೇ ಅಲ್ಲೇನು ಲೈಸೆನ್ಸ್ ಮಾಡಿಸಿದ್ದು."

ಅವಳು ಕಾರಿನ ಛಾವಣಿಯತ್ತ ಮುಖ ತಿರುಗಿಸಿದಳು. "ಆವತ್ತು ಆಟೋದ ಹಿಂದ ಬೈಕಿನ್ಯಾಗ ಬಂದ್ರಿ. ದಾರಿ ತುಂಬ ಕರದೆ, ನಿಮಗ ಕೇಳಿಸ್ಲಿಲ್ಲ," ಎಂದಳು. ಆಮೇಲೆ ತಲೆಯ ಹತ್ತಿರ ಕೈಯಾಡಿಸಿ, "ಈ ಸಲ ಮುಂದ ಕುಂದ್ರತೀರಿ, ಹಿಂದ ನಾ ಒಬ್ಬಾಕೀನ," ಎಂದಳು.

ಇಷ್ಟು ದಿನ ಉದ್ದ ಅಗಲ ಅಂತ ತಲೆ ಕೆಡಿಸಿಕೊಂಡಿದ್ದ ಚನ್ನಬಸವನಿಗೆ ಇದೊಂದು ಹೊಳೆದೇ ಇರಲಿಲ್ಲ. ಸುತ್ತು ಹಾಕಿ ಹೋಗಿ ಆಚೆ ಬಾಗಿಲು ತೆಗೆದ. ಅವಳ ತಲೆಯನ್ನು ಎರಡು ಕೈಯಲ್ಲಿ ಎತ್ತಿ, ಒಳಗೆ ತೂರಿ ಕೂತು, ತೊಡೆಯ ಮೇಲಿಟ್ಟುಕೊಂಡ. ಜಾಗ ಸಾಲದೆ ಅವಳು ಇನ್ನಷ್ಟು ಮುದುಡಿಕೊಂಡಳು. ಅಷ್ಟಾದರೂ ಅವಳ ಮುಖದ ಬಿಗಿ ಸಡಿಲಾಯಿತು.

ಶ್ರೀನಾಥ ಪೆನ್ನು ಹಿಡಿದು ಕಿಟಕಿಯ ಹತ್ತಿರ ಬಂದ. "ಯಾವುದು ಬರೀಲಿ ಅಣ್ಣಾರ? ಕೆಂಪದೋ, ಬಿಳೇದೋ?"

ಚನ್ನಬಸವ ಎದುರಿಗಿದ್ದ ಖಾಲಿ ಸ್ಟೇರಿಂಗನ್ನೇ ನೋಡುತ್ತಿದ್ದ.

"ಕರದಾಗ ಬರೋ ಡ್ರೈವರ್ ಯಾರರ ಅದಾನೇನ್ರಿ?" ಎಂದ.